ಶಿಷ್ಯವೇತನ ಯಾರದು? ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನೆಯ ದಾರಿ ಹುಡುಕುವವರಿಗೆ

(ವಿಜ್ಞಾನ ಸ್ನಾತಕೋತ್ತರ ಮತ್ತು ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ವೇದಿಕೆಯ ಮೇಲಿರುವ ಹಿರಿಯರೇ, ಅಧ್ಯಾಪಕ ಬಂಧುಗಳೇ, ವಿದ್ಯಾರ್ಥಿ ಮಿತ್ರರೇ,

ಪಿಎಚ್.ಡಿ. ಮಾಡಬೇಕೆಂಬ ಆಸೆ ಹೊತ್ತು ಬರುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, "ಯಾವ ಪರೀಕ್ಷೆ ಬರೀಬೇಕು ಸಾರ್?" ಎಂಬುದು. ಪಿಯುಸಿಯಿಂದ ಇಲ್ಲಿಯವರೆಗೆ ಪ್ರತಿಯೊಂದು ಬಾಗಿಲನ್ನೂ ರ‍್ಯಾಂಕ್ ತೋರಿಸಿಯೇ ದಾಟಿ ಬಂದವರಿಗೆ ಹಾಗೆ ಅನ್ನಿಸುವುದು ಸಹಜವೇ. ಆದರೆ ಸಂಶೋಧನೆಯ ಜಾಗ ಸಿಇಟಿ ಸೀಟಿನ ಹಾಗೆ ಒಂದೇ ಕಡೆ, ಒಂದೇ ಪಟ್ಟಿಯಲ್ಲಿ ಹಂಚಿಕೆಯಾಗುವುದಿಲ್ಲ. ಆದ್ದರಿಂದ ಪರೀಕ್ಷೆಗಿಂತ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ ಎಂದು ನಾನು ಹೇಳುತ್ತೇನೆ: ಮುಂದಿನ ಐದು ವರ್ಷ ನನ್ನ ಶಿಷ್ಯವೇತನವನ್ನು ಕೊಡುವವರು ಯಾರು? ಹಣ ಬರುವ ಮೂಲ ಯಾವುದೆಂದು ತಿಳಿದರೆ ಅರ್ಜಿ ಎಲ್ಲಿ ಹಾಕಬೇಕು, ಯಾವ ತಿಂಗಳಲ್ಲಿ ಹಾಕಬೇಕು, ಯಾರನ್ನು ಕಾಣಬೇಕು, ಒಳಗೆ ಸೇರಿದ ಮೇಲೆ ವಿಷಯ ಆರಿಸಿಕೊಳ್ಳುವ ಸ್ವಾತಂತ್ರ್ಯ ಎಷ್ಟಿರುತ್ತದೆ ಎಂಬುದೆಲ್ಲ ತಾನಾಗಿ ತಿಳಿಯುತ್ತಾ ಹೋಗುತ್ತದೆ. ಜ್ಞಾನದ ಮಾತಾಡಬೇಕಾದಲ್ಲಿ ದುಡ್ಡಿನ ಮಾತೇಕೆ ಎಂದು ಹಿರಿಯರಲ್ಲಿ ಕೆಲವರಿಗೆ ಅನ್ನಿಸೀತು. ಮನೆಯಿಂದ ಹಣ ತರಿಸಿಕೊಂಡು ಓದಲಾಗದವರೇ ಹೆಚ್ಚಾಗಿರುವ ಸಭೆಯಲ್ಲಿ ಆ ಸಂಕೋಚವನ್ನು ಬದಿಗಿಡುವುದು ಒಳ್ಳೆಯದು.

ಮೊದಲನೆಯದು, ಹಣ ನಿಮ್ಮ ಹೆಸರಿಗೇ ಬರುವ ದಾರಿ. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಹಾಗೂ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಜಂಟಿ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್‌ನಲ್ಲಿ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್, ಪಡೆದವರು ಈ ವರ್ಗಕ್ಕೆ ಸೇರುತ್ತಾರೆ. ರಸಾಯನ ವಿಜ್ಞಾನ, ಭೌತ ವಿಜ್ಞಾನ, ಗಣಿತ ವಿಜ್ಞಾನ, ಜೀವ ವಿಜ್ಞಾನ, ಭೂ ವಿಜ್ಞಾನ ಎಂಬ ಐದು ವಿಷಯಗಳಲ್ಲಿ ಈ ಪರೀಕ್ಷೆ ನಡೆಯುತ್ತದೆ. 2023ರ ಪರಿಷ್ಕರಣೆಯ ನಂತರ ಜೆಆರ್‌ಎಫ್‌ಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ ಪ್ರಗತಿಯ ಪರಿಶೀಲನೆ ನಡೆದು ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋ) ಆದ ಮೇಲೆ 42,000 ರೂಪಾಯಿ ಸಿಗುತ್ತದೆ. ಹಾಸ್ಟೆಲ್ ದೊರೆಯದವರಿಗೆ ಮನೆ ಬಾಡಿಗೆ ಭತ್ಯೆ ಬೇರೆ. ಜೈವಿಕ ತಂತ್ರಜ್ಞಾನದವರಿಗೆ ಡಿಬಿಟಿ (ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆ), ವೈದ್ಯಕೀಯ ಸಂಬಂಧಿ ಜೀವ ವಿಜ್ಞಾನದವರಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರತ್ಯೇಕ ಜೆಆರ್‌ಎಫ್ ಪರೀಕ್ಷೆ ನಡೆಸುತ್ತವೆ. ವಿಶ್ವವಿದ್ಯಾಲಯಕ್ಕೆ ಪ್ರಥಮ ರ‍್ಯಾಂಕ್ ಬಂದವರು ಪರೀಕ್ಷೆ ಬರೆಯದೆಯೂ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ (ಡಿಎಸ್‌ಟಿ) ಇನ್‌ಸ್ಪೈರ್ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ನಮ್ಮ ರಾಜ್ಯ ವಿಶ್ವವಿದ್ಯಾಲಯಗಳ ಚಿನ್ನದ ಪದಕದವರಲ್ಲಿ ಎಷ್ಟೋ ಮಂದಿಗೆ ಹೀಗೊಂದು ಅವಕಾಶ ಇದೆಯೆಂಬುದೇ ತಿಳಿದಿರುವುದಿಲ್ಲ. ಕರ್ನಾಟಕ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯೂ ಕೆಸ್ಟೆಪ್ಸ್ ಸಂಸ್ಥೆಯ ಮೂಲಕ ವಿಜ್ಞಾನ, ಎಂಜಿನಿಯರಿಂಗ್ ಸಂಶೋಧನಾರ್ಥಿಗಳಿಗೆ ಫೆಲೋಶಿಪ್ ನೀಡುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಫೆಲೋಶಿಪ್‌ಗಳಿವೆ.

ಸ್ವಂತ ಫೆಲೋಶಿಪ್ ಇರುವವರಿಗೆ ಒಂದು ದೊಡ್ಡ ಅನುಕೂಲವಿದೆ. ಮಾರ್ಗದರ್ಶಕರು ನಿಮ್ಮನ್ನು ತೆಗೆದುಕೊಳ್ಳಬೇಕಾದರೆ ಹಣ ಹುಡುಕಬೇಕಿಲ್ಲ, ಆದ್ದರಿಂದ ಮಾತುಕತೆಯಲ್ಲಿ ನಿಮ್ಮ ಮಾತಿಗೂ ತೂಕ ಇರುತ್ತದೆ. ಇಷ್ಟಿದ್ದರೂ ಜೆಆರ್‌ಎಫ್ ಬಂದ ಕೂಡಲೇ ಮನೆಗೆ ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಎಲ್ಲೋ ಒಂದು ಕಡೆ ಸೇರಿಬಿಡುವವರನ್ನು ಪ್ರತಿ ವರ್ಷ ನೋಡುತ್ತೇವೆ. ಫೆಲೋಶಿಪ್ ಪತ್ರಕ್ಕೆ ಅವಧಿಯ ಮಿತಿ ಇದೆ, ನಿಜ. ಆ ಅವಧಿಯೊಳಗೆ ನಾಲ್ಕಾರು ಪ್ರಯೋಗಾಲಯಗಳನ್ನು ಕಣ್ಣಾರೆ ನೋಡಿ ಬರಲು ಸಮಯ ಸಾಕಾಗುತ್ತದೆ.

ಎರಡನೆಯದು, ಸಂಸ್ಥೆಯೇ ಶಿಷ್ಯವೇತನ ಕೊಡುವ ದಾರಿ. ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ, 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳು, ಸುರತ್ಕಲ್‌ನ ಎನ್‌ಐಟಿಕೆ, 2016ರಲ್ಲಿ ಆರಂಭವಾದ ಐಐಟಿ ಧಾರವಾಡ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇವೆಲ್ಲ ಈ ಬಗೆಯವು. ಇಲ್ಲಿ ನೆಟ್, ಎಂಜಿನಿಯರಿಂಗ್‌ನವರು ಹೆಚ್ಚಾಗಿ ಬರೆಯುವ ಗೇಟ್, ಭೌತಶಾಸ್ತ್ರದವರು ಬರೆಯುವ ಜೆಸ್ಟ್‌ನಂಥ ಪರೀಕ್ಷೆಗಳ ಅಂಕ ಸಂದರ್ಶನಕ್ಕೆ ಕರೆಸಿಕೊಳ್ಳುವ ಜರಡಿ ಮಾತ್ರ. ಆಯ್ಕೆ ನಡೆಯುವುದು ಬಹುಮಟ್ಟಿಗೆ ಸಂದರ್ಶನದಲ್ಲಿ. ಗೇಟ್ ಅಂಕ 3 ವರ್ಷ ಊರ್ಜಿತವಾಗಿರುತ್ತದೆ ಎಂಬುದನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ನೆನಪಿಡಬೇಕು: ಅಂತಿಮ ವರ್ಷದಲ್ಲಿ ಬರೆದು, ಕೆಲಸಕ್ಕೆ ಸೇರಿ, ಎರಡು ವರ್ಷದ ಬಳಿಕ ಅದೇ ಅಂಕದ ಮೇಲೆ ಸಂಶೋಧನೆಗೆ ಅರ್ಜಿ ಹಾಕಬಹುದು. ಭೌತಶಾಸ್ತ್ರದವರು ಜೆಸ್ಟ್ ಒಂದನ್ನು ಚೆನ್ನಾಗಿ ಬರೆದರೆ ಹಲವು ಸಂಶೋಧನಾ ಸಂಸ್ಥೆಗಳ ಸಂದರ್ಶನಕ್ಕೆ ಅರ್ಹರಾಗುತ್ತಾರೆ. 2018ರಲ್ಲಿ ಪ್ರಕಟವಾದ ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಯೋಜನೆ ಆಯ್ದ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಮೊದಲ ಎರಡು ವರ್ಷ ತಿಂಗಳಿಗೆ 70,000 ರೂಪಾಯಿ ನಿಗದಿ ಮಾಡಿತು. ಅದರ ಸ್ಪರ್ಧೆಯೂ ಅಷ್ಟೇ ಬಿಗಿ.

ಈ ಸಂದರ್ಶನಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಊರುಗಳ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಕೊಠಡಿಯೊಳಗೆ ಐದಾರು ಮಂದಿ ಅಧ್ಯಾಪಕರಿರುತ್ತಾರೆ, ಒಂದು ಬೋರ್ಡ್ ಇರುತ್ತದೆ. "ನಿಮಗೆ ಯಾವ ವಿಷಯ ಚೆನ್ನಾಗಿ ಗೊತ್ತು?" ಎಂದು ಕೇಳುತ್ತಾರೆ. ಭಾರವಾದ ಹೆಸರೊಂದನ್ನು ಹೇಳಿದರೆ ಮೆಚ್ಚುತ್ತಾರೆಂದುಕೊಂಡು ವಿದ್ಯಾರ್ಥಿ "ಕ್ವಾಂಟಮ್ ಫೀಲ್ಡ್ ಥಿಯರಿ" ಎನ್ನುತ್ತಾನೆ. ಮುಂದಿನ ಪ್ರಶ್ನೆಗೆ ಸರಳ ಆವರ್ತ ಚಲನೆಯ ಸಮೀಕರಣದಲ್ಲೇ ತಡವರಿಸುತ್ತಾನೆ. ಯಂತ್ರಶಾಸ್ತ್ರದ ವಿದ್ಯಾರ್ಥಿನಿ ಶಾಖ ವರ್ಗಾವಣೆ ಎಂದರೆ, "ಬಿಸಿ ಮಾಡಿದ ಕಬ್ಬಿಣದ ಗುಂಡನ್ನು ನೀರಿಗೆ ಹಾಕಿದೆ, ಒಳಗೂ ಹೊರಗೂ ತಾಪಮಾನ ಒಂದೇ ಎಂದು ಯಾವಾಗ ಊಹಿಸಬಹುದು?" ಎಂದು ಕೇಳುತ್ತಾರೆ. ಒಳಗಿನ ಮತ್ತು ಮೇಲ್ಮೈಯ ಶಾಖ ಹರಿವಿನ ತಡೆಗಳನ್ನು ಹೋಲಿಸುವ ಬಯೋ (Biot) ಸಂಖ್ಯೆಯ ಸೂತ್ರವನ್ನು ಆಕೆ ಬಾಯಿಪಾಠ ಒಪ್ಪಿಸಿದರೆ ಮಂಡಳಿಗೆ ತೃಪ್ತಿಯಾಗದು. ಗುಂಡು ದೊಡ್ಡದಾದರೆ ಏನಾಗುತ್ತದೆ, ಕಬ್ಬಿಣದ ಬದಲು ಗಾಜಾದರೆ ಏನಾಗುತ್ತದೆ ಎಂದು ಒಂದೊಂದೇ ಹೆಜ್ಜೆ ಯೋಚಿಸುತ್ತಾ ಬೋರ್ಡ್ ಮೇಲೆ ಬರೆದರೆ, ನಡುವೆ ತಪ್ಪಿ ಅವರ ಸುಳಿವು ಹಿಡಿದು ತಿದ್ದಿಕೊಂಡರೂ, ಒಪ್ಪಿಕೊಳ್ಳುತ್ತಾರೆ. ಇಂಗ್ಲಿಷ್ ನಿರರ್ಗಳವಾಗಿ ಬಾರದೆಂಬ ಅಳುಕು ಕನ್ನಡ ಮಾಧ್ಯಮದಿಂದ ಬಂದವರಿಗೆ ಇದ್ದೇ ಇರುತ್ತದೆ. ವಾಕ್ಯ ಅರ್ಧಕ್ಕೆ ನಿಂತರೆ ಸೀಮೆಸುಣ್ಣ ಹಿಡಿದು ಚಿತ್ರ ಬರೆಯಿರಿ. ಚಿತ್ರ ಸರಿಯಿದ್ದರೆ ವ್ಯಾಕರಣವನ್ನು ಅಲ್ಲಿ ಯಾರೂ ಎಣಿಸುವುದಿಲ್ಲ. ಪದವಿ ತರಗತಿಯ ಮೂಲ ಪಠ್ಯಗಳಲ್ಲಿ ಎರಡನ್ನು ಆಳವಾಗಿ ಓದಿ ಹೋಗುವುದು, ಹತ್ತು ಗೈಡ್ ಪುಸ್ತಕಗಳನ್ನು ತಿರುವಿ ಹೋಗುವುದಕ್ಕಿಂತ ಮೇಲು.

ಮೂರನೆಯ ಮೂಲ ಪ್ರಾಯೋಜಿತ ಯೋಜನೆ, ಅಂದರೆ ನಾವು ದಿನನಿತ್ಯ ಹೇಳುವ ಪ್ರಾಜೆಕ್ಟ್. ಪ್ರಾಧ್ಯಾಪಕರೊಬ್ಬರು ಡಿಎಸ್‌ಟಿ, ಡಿಬಿಟಿ, ಇಸ್ರೋ, ಡಿಆರ್‌ಡಿಒ ಇಲ್ಲವೆ ಕಂಪನಿಯೊಂದರಿಂದ ಅನುದಾನ ಪಡೆದು, ಅದರ ಹಣದಲ್ಲಿ ಪ್ರಾಜೆಕ್ಟ್ ಅಸೋಸಿಯೇಟ್ ಅಥವಾ ಜೆಆರ್‌ಎಫ್ ಎಂದೇ ಹೆಸರಿರುವ ಪ್ರಾಜೆಕ್ಟ್ ಹುದ್ದೆಗೆ ಒಬ್ಬರನ್ನು ತೆಗೆದುಕೊಳ್ಳುತ್ತಾರೆ. ಇಂಥ ಹುದ್ದೆಗಳು ವರ್ಷವಿಡೀ ಹೊರಬೀಳುತ್ತಲೇ ಇರುತ್ತವೆ. ಪತ್ರಿಕೆಯಲ್ಲಿ ದೊಡ್ಡ ಜಾಹೀರಾತು ಬರುವುದಿಲ್ಲ, ಸಂಸ್ಥೆಯ ಜಾಲತಾಣದ ಒಂದು ಮೂಲೆಯಲ್ಲಿ ಒಂದು ಪುಟದ ಪ್ರಕಟಣೆ ಎರಡು ವಾರ ಇದ್ದು ಮಾಯವಾಗುತ್ತದೆ. ಆ ಒಂದು ಪುಟವನ್ನು ಕಣ್ಣಿಟ್ಟು ಓದುವುದನ್ನು ಕಲಿಯಬೇಕು. ಯೋಜನೆಯ ಶೀರ್ಷಿಕೆ ಮತ್ತು ಪ್ರಧಾನ ಸಂಶೋಧಕರ ಹೆಸರು ಮೇಲಿರುತ್ತದೆ. ಅವಧಿಯ ಕಡೆ "ಒಂದು ವರ್ಷ, ಕಾರ್ಯಕ್ಷಮತೆ ನೋಡಿ ವಿಸ್ತರಣೆ, ಯೋಜನೆಯ ಮುಕ್ತಾಯದೊಂದಿಗೆ ಹುದ್ದೆಯೂ ಮುಕ್ತಾಯ" ಎಂದಿರುತ್ತದೆ. ಯೋಜನೆ ಮೂರು ವರ್ಷದ್ದಾಗಿದ್ದು ಅದರಲ್ಲಿ ಒಂದೂವರೆ ವರ್ಷ ಈಗಾಗಲೇ ಕಳೆದಿದ್ದರೆ ನಿಮಗೆ ಉಳಿಯುವುದು ಒಂದೂವರೆ ವರ್ಷವೇ. ಯೋಜನೆ ಯಾವಾಗ ಮಂಜೂರಾಯಿತು ಎಂದು ಕೇಳುವುದರಲ್ಲಿ ಅವಿನಯವೇನೂ ಇಲ್ಲ. ಕೊನೆಯ ಸಾಲುಗಳಲ್ಲಿ "ಆಯ್ಕೆಯಾದವರು ನಿಯಮಾನುಸಾರ ಪಿಎಚ್.ಡಿ.ಗೆ ನೋಂದಾಯಿಸಿಕೊಳ್ಳಬಹುದು" ಎಂಬ ಮಾತು ಇರಬಹುದು, ಇಲ್ಲದಿರಲೂಬಹುದು. "ಬಹುದು" ಎಂದರೆ ಭರವಸೆಯಲ್ಲ. ನೋಂದಣಿಗೆ ಸಂಸ್ಥೆಯ ಪ್ರವೇಶ ಪರೀಕ್ಷೆ, ಸಂದರ್ಶನ ಎಲ್ಲವೂ ಪ್ರತ್ಯೇಕವಾಗಿ ನಡೆಯುತ್ತವೆ. ಎರಡು ವರ್ಷ ದುಡಿದ ಮೇಲೆ ನೋಂದಣಿಯೇ ಆಗಿಲ್ಲವೆಂದು ಅರಿತು ಹೊರಬಂದವರಿದ್ದಾರೆ. ಅವರ ಕೆಲಸ ಲೇಖನವಾಗಿ ಬಂದಾಗ ಹೆಸರು ಲೇಖಕರ ಸಾಲಿನಲ್ಲಿಲ್ಲದೆ ಕೃತಜ್ಞತೆಯ ಸಾಲಿನಲ್ಲಿರುತ್ತದೆ.

ಇಷ್ಟು ಎಚ್ಚರಿಕೆ ಹೇಳಿದರೂ, ಪರೀಕ್ಷೆಯಲ್ಲಿ ಮಿಂಚದವರಿಗೆ ಪ್ರಾಜೆಕ್ಟ್ ಹುದ್ದೆಯೇ ಉತ್ತಮ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ವರ್ಷ ಲ್ಯಾಬಿನಲ್ಲಿ ಉಪಕರಣ ಮುಟ್ಟಿ ಕೆಲಸ ಮಾಡಿದವರ ಕೈಗುಣ ಸಂದರ್ಶನದಲ್ಲಿ ಎದ್ದು ಕಾಣುತ್ತದೆ, ಅವರಿಗೆ ಸಿಗುವ ಶಿಫಾರಸು ಪತ್ರದಲ್ಲಿ "ವಿಧೇಯ ವಿದ್ಯಾರ್ಥಿ" ಎಂಬುದಕ್ಕಿಂತ ಗಟ್ಟಿಯಾದ ಮಾತುಗಳಿರುತ್ತವೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಸ್ಥೆ ಸಿಎಫ್‌ಟಿಆರ್‌ಐ, ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನಂಥ ಸಿಎಸ್‌ಐಆರ್ ಪ್ರಯೋಗಾಲಯಗಳಲ್ಲಿ ಸಂಶೋಧನೆ ಮಾಡುವವರು ಎಸಿಎಸ್‌ಐಆರ್ ಎಂಬ ಅಕಾಡೆಮಿಯ ಮೂಲಕ ಪಿಎಚ್.ಡಿ.ಗೆ ನೋಂದಾಯಿಸಿಕೊಳ್ಳುತ್ತಾರೆ, ಅದರ ಪ್ರವೇಶ ವರ್ಷಕ್ಕೆರಡು ಬಾರಿ, ಜನವರಿ ಮತ್ತು ಆಗಸ್ಟ್ ಅವಧಿಗಳಿಗೆ ನಡೆಯುತ್ತದೆ. ಪದವಿಯಲ್ಲೇ ಇನ್ನೂ ಒಂದೆರಡು ವರ್ಷ ಉಳಿದಿರುವವರು ಬೇಸಿಗೆ ಫೆಲೋಶಿಪ್‌ಗಳನ್ನು ಬಿಡಬಾರದು. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ, ಇನ್ನೆರಡು ರಾಷ್ಟ್ರೀಯ ಅಕಾಡೆಮಿಗಳ ಜೊತೆಗೂಡಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಲ್ಲಿ ಎರಡು ತಿಂಗಳು ದೇಶದ ಯಾವುದಾದರೂ ಪ್ರಯೋಗಾಲಯದಲ್ಲಿ ಕಳೆಯುವ ಅವಕಾಶವಿದೆ. ಬೇಸಿಗೆ ಎಂಬ ಹೆಸರು ಕೇಳಿ ಏಪ್ರಿಲ್‌ವರೆಗೆ ಕಾದರೆ ಕೆಟ್ಟಿರಿ. ಅರ್ಜಿ ಚಳಿಗಾಲದ ಹೊತ್ತಿಗೇ ಮುಗಿದಿರುತ್ತದೆ.

ನಾಲ್ಕನೆಯದು ಹಣವೇ ಇಲ್ಲದ ದಾರಿ. ವಿಟಿಯು ಸಂಯೋಜಿತ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪಾಠ ಮಾಡುತ್ತಾ, ಅಲ್ಲಿಯದೇ ಸಂಶೋಧನಾ ಕೇಂದ್ರದಲ್ಲಿ ಅರೆಕಾಲಿಕವಾಗಿ ನೋಂದಾಯಿಸಿಕೊಂಡವರು ಈ ದಾರಿಯಲ್ಲಿದ್ದಾರೆ. ಯುಜಿಸಿಯ 2022ರ ನಿಯಮಾವಳಿ ಅರೆಕಾಲಿಕ ಪಿಎಚ್.ಡಿ.ಗೆ ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ಕೇಳುತ್ತದೆ. ಇದನ್ನು ಹಗುರವಾಗಿ ಕಾಣುವವರ ಸಾಲಿಗೆ ನಾನು ಸೇರುವುದಿಲ್ಲ. ವಾರಕ್ಕೆ ಹದಿನೆಂಟು ಗಂಟೆ ಪಾಠ, ಕಾಲೇಜಿನ ನ್ಯಾಕ್ ಮೌಲ್ಯಮಾಪನದ ಕಡತಗಳ ರಾಶಿ, ಮನೆ, ಮಕ್ಕಳು ಇವೆಲ್ಲದರ ನಡುವೆ ಪ್ರಬಂಧ ಬರೆದು ಮುಗಿಸುವುದು ದೊಡ್ಡ ಸಾಹಸ. ಆದರೆ ಸಂಬಳವೂ ಇಲ್ಲದೆ, ಫೆಲೋಶಿಪ್ಪೂ ಇಲ್ಲದೆ ಪೂರ್ಣಾವಧಿಗೆ ಸೇರಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪ್ರಬಂಧ ಬರೆಸಿಕೊಡುತ್ತೇವೆ, ಲೇಖನ ಹಾಕಿಸಿಕೊಡುತ್ತೇವೆ ಎನ್ನುವ ಸಲಹಾ ಕಚೇರಿಗಳ ವಿಷಯ ಹೇಳಬೇಕಾಗಿಯೇ ಇಲ್ಲ. ವಿದೇಶಿ ಸಂಸ್ಥೆಗಳ ಹೆಸರಿನಲ್ಲಿ ಎಡ್‌ಟೆಕ್ ಕಂಪನಿಗಳು ಮಾರುತ್ತಿದ್ದ ಆನ್‌ಲೈನ್ ಪಿಎಚ್.ಡಿ.ಗೆ ಮಾನ್ಯತೆ ಇಲ್ಲವೆಂದು ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ 2022ರ ಅಕ್ಟೋಬರ್‌ನಲ್ಲಿ ಜಂಟಿಯಾಗಿ ಎಚ್ಚರಿಸಿವೆ.

ಅದೇ 2022ರ ನಿಯಮಾವಳಿಯ ಇನ್ನೂ ಕೆಲವು ಅಂಶ ನಿಮಗೆ ತಿಳಿದಿರಬೇಕು. ಪಿಎಚ್.ಡಿ.ಗೆ ಕೋರ್ಸ್‌ವರ್ಕ್ (ಆರಂಭದ ಪಾಠ, ಪರೀಕ್ಷೆಗಳು) ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ. ನಾಲ್ಕು ವರ್ಷದ ಪದವಿಯಲ್ಲಿ 75 ಶೇಕಡಾ ಅಂಕ ಪಡೆದವರು ಸ್ನಾತಕೋತ್ತರ ಪದವಿ ಇಲ್ಲದೆಯೂ ಅರ್ಹರು. ಒಬ್ಬ ಪ್ರಾಧ್ಯಾಪಕರು ಒಂದು ಹೊತ್ತಿಗೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗಿಂತ ಹೆಚ್ಚು ಸಂಶೋಧನಾರ್ಥಿಗಳನ್ನು ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ನಿಮಗೆ ಮೆಚ್ಚಿನ ಮಾರ್ಗದರ್ಶಕರ ಬಳಿ ಜಾಗ ಖಾಲಿ ಇದೆಯೇ ಎಂದು ಮೊದಲೇ ವಿಚಾರಿಸಬೇಕು. ಮಹಿಳೆಯರಿಗೆ ಅವಧಿಯಲ್ಲಿ ಎರಡು ವರ್ಷದ ಹೆಚ್ಚುವರಿ ವಿನಾಯಿತಿ, 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ ಇದೆ. ಇದನ್ನು ಓದುವಾಗ ಕಮಲಾ ಸೊಹೊನಿಯವರ ನೆನಪಾಗುತ್ತದೆ. ಬಾಂಬೆ ವಿಶ್ವವಿದ್ಯಾಲಯದಲ್ಲಿ ಮೊದಲಿಗರಾಗಿ ಬಂದಿದ್ದರೂ ಹೆಣ್ಣೆಂಬ ಕಾರಣಕ್ಕೆ ನಮ್ಮ ಬೆಂಗಳೂರಿನ ಇದೇ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ರಾಮನ್ ಅವರು ಜಾಗ ನಿರಾಕರಿಸಿದಾಗ ಪಟ್ಟು ಹಿಡಿದು, 1933ರಲ್ಲಿ ಷರತ್ತುಗಳ ಮೇಲೆ ಒಳಗೆ ಸೇರಿ, 1939ರಲ್ಲಿ ಕೇಂಬ್ರಿಜ್‌ನ ಪಿಎಚ್.ಡಿ. ಪಡೆದವರು ಅವರು. ನಿಯಮ ಕಾಗದದ ಮೇಲೆ ಬಂದ ಮಾತ್ರಕ್ಕೆ ಲ್ಯಾಬಿನ ವಾತಾವರಣ ಬದಲಾಗಿರುತ್ತದೆಂದು ಹೇಳಲಾರೆ. ಸೇರುವ ಮುನ್ನ ಅಲ್ಲಿನ ಹಿರಿಯ ಸಂಶೋಧನಾರ್ಥಿನಿಯರನ್ನು ಕೇಳಿ ನೋಡುವುದು ಕ್ಷೇಮ.

ಇನ್ನು ಮಾರ್ಗದರ್ಶಕರನ್ನು ಹುಡುಕುವುದು ಹೇಗೆ? ಒಂದು ವಿಷಯ ಆರಿಸಿಕೊಂಡು ಅದರಲ್ಲಿ ಇತ್ತೀಚೆಗೆ ಬಂದ ಲೇಖನಗಳನ್ನು ತೆರೆಯಿರಿ. ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನದವರಿಗೆ 1991ರಲ್ಲಿ ಆರಂಭವಾದ ಆರ್ಕೈವ್ (arXiv) ಎಂಬ ಲೇಖನಗಳ ಜಾಲತಾಣ ಇದೆ, ಅಲ್ಲಿ ಎಲ್ಲವೂ ಉಚಿತ. ಲೇಖನ ಪೂರ್ತಿ ಅರ್ಥವಾಗದಿದ್ದರೂ ಕೊನೆಯ ಕೃತಜ್ಞತೆಯ ಪ್ಯಾರಾ ಓದಿ. ಯಾವ ಸಂಸ್ಥೆಯ ಯಾವ ಸಂಖ್ಯೆಯ ಅನುದಾನ ಎಂದು ಅಲ್ಲಿ ಬರೆದಿರುತ್ತದೆ; ಇತ್ತೀಚಿನ ಲೇಖನಗಳಲ್ಲಿ ಹೊಸ ಅನುದಾನದ ಉಲ್ಲೇಖವಿದ್ದರೆ ಆ ಪ್ರಯೋಗಾಲಯದಲ್ಲಿ ಹಣ ಇದೆ, ಜಾಗವೂ ಇರಬಹುದು ಎಂದರ್ಥ. ಅನಂತರ ಶೋಧಗಂಗಾ ತಾಣಕ್ಕೆ ಹೋಗಿ ಆ ಮಾರ್ಗದರ್ಶಕರ ಕೈಕೆಳಗೆ ಸಲ್ಲಿಕೆಯಾದ ಪ್ರಬಂಧಗಳನ್ನು ಹುಡುಕಿ. ಅವರ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಮುಗಿಸಿದ್ದಾರೆ, ಪ್ರಬಂಧಗಳಲ್ಲಿ ಒಂದಕ್ಕೊಂದು ವ್ಯತ್ಯಾಸ ಇದೆಯೇ ಅಥವಾ ರಾಸಾಯನಿಕದ ಹೆಸರು ಮಾತ್ರ ಬದಲಾಗಿ ಅದೇ ಅಧ್ಯಾಯ ಮರಳಿ ಮರಳಿ ಬಂದಿದೆಯೇ ಎಂಬುದು ಒಂದು ಸಂಜೆಯಲ್ಲಿ ತಿಳಿಯುತ್ತದೆ. ವಿಭಾಗದ ಹೆಸರು, ಕಟ್ಟಡದ ಭವ್ಯತೆ ಇದನ್ನು ಹೇಳುವುದಿಲ್ಲ.

ಪತ್ರ ಬರೆಯುವಾಗ "ತಮ್ಮ ಘನ ಸಂಸ್ಥೆಯಲ್ಲಿ ಸೇವೆ ಸಲ್ಲಿಸುವ ಸೌಭಾಗ್ಯ" ಎಂಬ ಧಾಟಿಯ ಇಂಗ್ಲಿಷ್ ಬೇಡ. ಒಂದೇ ಪತ್ರವನ್ನು ನೂರು ಮಂದಿಗೆ ಕಳಿಸಿದರೆ ನೂರು ಮಂದಿಗೂ ಅದು ಗೊತ್ತಾಗುತ್ತದೆ. ಹತ್ತು ಸಾಲು ಸಾಕು: ನೀವು ಓದಿದ ಅವರ ಲೇಖನ ಯಾವುದು, ಅದರ ಯಾವ ಚಿತ್ರ ಅಥವಾ ಕೋಷ್ಟಕ ನಿಮ್ಮಲ್ಲಿ ಪ್ರಶ್ನೆ ಹುಟ್ಟಿಸಿತು, ಎಂ.ಎಸ್ಸಿ. ಪ್ರಾಜೆಕ್ಟ್‌ನಲ್ಲಿ ನಿಮ್ಮ ಕೈಯಾರೆ ಮಾಡಿದ ಕೆಲಸ ಏನು, ಫೆಲೋಶಿಪ್ ಇದೆಯೇ ಇಲ್ಲವೇ, ಯಾವ ತಿಂಗಳಿಂದ ಸೇರಬಲ್ಲಿರಿ. ಉತ್ತರ ಬಾರದಿದ್ದರೆ ಎರಡು ವಾರದ ಬಳಿಕ ಒಮ್ಮೆ ನೆನಪಿಸಿ, ಸುಮ್ಮನಾಗಿ. ಉತ್ತರಿಸದಿರುವುದು ಅವಮಾನವಲ್ಲ, ಅವರಿಗೂ ಕಡತಗಳಿವೆ.

ಹೊರದೇಶಗಳಲ್ಲಿಯೂ ಇದೇ ಪ್ರಶ್ನೆ ದಾರಿ ತೋರಿಸುತ್ತದೆ. ಅಮೆರಿಕದಲ್ಲಿ ಹಣ ವಿಭಾಗದ್ದು ಅಥವಾ ಪ್ರಾಧ್ಯಾಪಕರ ಅನುದಾನದ್ದು. ನೀವು ಬೋಧನಾ ಸಹಾಯಕರಾಗಿಯೋ ಸಂಶೋಧನಾ ಸಹಾಯಕರಾಗಿಯೋ ದುಡಿಯುತ್ತೀರಿ. ಆಯ್ಕೆ ಮಾಡುವುದು ಸಮಿತಿ. ಅರ್ಜಿಯ ಕಾಲ ಬಹುತೇಕ ಡಿಸೆಂಬರ್. ಒಪ್ಪಿಗೆ ತಿಳಿಸಲು ಅನೇಕ ವಿಶ್ವವಿದ್ಯಾಲಯಗಳು ಏಪ್ರಿಲ್ 15ನ್ನು ಕಡೆಯ ದಿನವಾಗಿ ಪಾಲಿಸುತ್ತವೆ. ನಾಲ್ಕು ವರ್ಷದ ಬಿ.ಇ. ಮುಗಿಸಿದವರು ನೇರವಾಗಿ ಸೇರಬಹುದು. ಯುರೋಪಿನಲ್ಲಿ ಹಾಗಲ್ಲ: ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಬೇಕು, ಹುದ್ದೆ ನೌಕರಿಯ ಜಾಹೀರಾತಿನಂತೆ ಯಾವ ತಿಂಗಳಲ್ಲಾದರೂ ಬರುತ್ತದೆ. ನೆದರ್ಲೆಂಡ್ಸ್‌ನಲ್ಲಿ ನಾಲ್ಕು ವರ್ಷದ ಕರಾರಿನ ಮೇಲೆ ಸಂಶೋಧನಾರ್ಥಿ ವಿಶ್ವವಿದ್ಯಾಲಯದ ನೌಕರನೇ ಆಗಿರುತ್ತಾನೆ. ಜರ್ಮನಿಯಲ್ಲಿ ವೇತನ ಶ್ರೇಣಿಯ ಹೆಸರು ಇ-13. ಅದರ ಪಕ್ಕದಲ್ಲಿ 50 ಅಥವಾ 65 ಶೇಕಡಾ ಎಂದಿದ್ದರೆ ಸಿಗುವ ಸಂಬಳ ಅಷ್ಟು ಭಾಗ ಮಾತ್ರ, ಆದರೆ ಲ್ಯಾಬಿನಲ್ಲಿ ಇರಬೇಕಾದ ಹೊತ್ತು ಪೂರ್ತಿಯೇ ಎಂದು ತಿಳಿದುಕೊಳ್ಳಿ. ಯುರೋಪಿಯನ್ ಒಕ್ಕೂಟದ ಮೇರಿ ಕ್ಯೂರಿ ಡಾಕ್ಟರಲ್ ನೆಟ್‌ವರ್ಕ್ ಹುದ್ದೆಗಳಿಗೆ, ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಆ ದೇಶದಲ್ಲಿ ನೆಲೆಸಿರಬಾರದೆಂಬ ನಿಯಮವಿದೆ; ಇಲ್ಲಿಂದಲೇ ಅರ್ಜಿ ಹಾಕುವವರಿಗೆ ಇದು ವರವೇ ಸರಿ. ಯೂರಾಕ್ಸೆಸ್ ತಾಣದಲ್ಲಿ ಇವೆಲ್ಲ ಒಂದೆಡೆ ಸಿಗುತ್ತವೆ. ಬ್ರಿಟನ್ನಿನಲ್ಲಿ ಪ್ರವೇಶ ಸಿಗುವುದು ಬೇರೆ, ಹಣ ಸಿಗುವುದು ಬೇರೆ; ಪ್ರವೇಶ ಪತ್ರ ನೋಡಿ ಊರಿಗೆಲ್ಲ ಸಿಹಿ ಹಂಚುವ ಮುನ್ನ ವಿದೇಶಿ ವಿದ್ಯಾರ್ಥಿಗಳ ಶುಲ್ಕವನ್ನು ಯಾರು ಭರಿಸುತ್ತಾರೆಂದು ಓದಿ ನೋಡಬೇಕು.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುತ್ತೇನೆ. ಎಂ.ಎಸ್ಸಿ. ರಸಾಯನಶಾಸ್ತ್ರದಲ್ಲಿ 58 ಶೇಕಡಾ ಅಂಕ ಬಂದಿದೆ, ನೆಟ್ ಆಗಿಲ್ಲ, ಮನೆಯಲ್ಲಿ ಬಿ.ಎಡ್. ಮಾಡು ಎನ್ನುತ್ತಿದ್ದಾರೆ, ಏನು ಮಾಡಲಿ ಎಂದು ವಿದ್ಯಾರ್ಥಿನಿಯೊಬ್ಬರು ಕೇಳಿದರು. ಪಿಎಚ್.ಡಿ.ಗೆ ಯುಜಿಸಿ ಕೇಳುವುದು 55 ಶೇಕಡಾ, ಮೀಸಲಾತಿ ವರ್ಗಗಳಿಗೆ ಅದರಲ್ಲಿ 5 ಶೇಕಡಾ ವಿನಾಯಿತಿ. ಆದ್ದರಿಂದ ಅರ್ಹತೆಯ ತೊಡಕಿಲ್ಲ. 2024ರಿಂದ ನೆಟ್ ಫಲಿತಾಂಶದಲ್ಲಿ ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ ಅರ್ಹತೆ ಎಂಬ ಮೂರನೆಯ ವರ್ಗವೂ ಇದೆ. ಜೆಆರ್‌ಎಫ್ ಬಾರದವರು ಆ ಅಂಕದ ಮೇಲೆ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಬಹುದು. ಆದರೆ ಅದು ಊರ್ಜಿತವಿರುವುದು ಒಂದು ವರ್ಷ, ಅದರ ಜೊತೆ ಹಣ ಬರುವುದಿಲ್ಲ. ಅವರಿಗೆ ನಾನು ಹೇಳಿದ್ದು ಇಷ್ಟೇ: ಬಿ.ಎಡ್. ಅರ್ಜಿ ಬೇಕಾದರೆ ತುಂಬಿ, ಜೊತೆಗೆ ಈ ವಾರವೇ ಮೈಸೂರು, ಬೆಂಗಳೂರಿನ ಪ್ರಯೋಗಾಲಯಗಳ ಪ್ರಾಜೆಕ್ಟ್ ಪ್ರಕಟಣೆಗಳನ್ನು ನೋಡಲು ಶುರು ಮಾಡಿ, ನೇರ ಸಂದರ್ಶನ ಇರುವ ಕಡೆ ಮೂಲ ಅಂಕಪಟ್ಟಿ ಹಿಡಿದು ಹೋಗಿ, ಯೋಜನೆ ಎಂದು ಮಂಜೂರಾಯಿತು, ನೋಂದಣಿಗೆ ಅವಕಾಶ ಇದೆಯೇ ಎಂಬ ಎರಡು ಪ್ರಶ್ನೆಗಳನ್ನು ಅಲ್ಲಿಯೇ ಕೇಳಿ ಉತ್ತರ ಬರೆದುಕೊಂಡು ಬನ್ನಿ.